ಓಕ್ ಕಂಬದ ಕಲ್ಲಿನ ಮಕ್ಕಳು

ಷಿಕಾಗೊದ ವಿಜ್ಞಾನ ಮತ್ತು ಕೈಗಾರಿಕಾ ಮ್ಯೂಸಿಯಮ್ಮಿಗೆ ಹತ್ತಿರದ ಲಿಸ್ಲ್ ಊರಿನ ಕಡೆಯ ನಮ್ಮವರು ಮಕ್ಕಳನ್ನು ಕರೆದೊಯ್ಯುವುದು ಹೆಚ್ಚಾಗಿ ಒಳಗಿನ ಜಲಾಂತರ್ಗಾಮಿಯನ್ನು ತೋರಿಸಲಿಕ್ಕೆ. ಟಿಕೆಟ್ ಕೊಳ್ಳುವ ಮೊದಲು ಕಟ್ಟಡಕ್ಕೇ ಒಂದು ಪ್ರದಕ್ಷಿಣೆ ಹಾಕಿ ಎಂಬುದು ಈ ವಾರ ನನ್ನ ಕೋರಿಕೆ.

1893ರ ವಿಶ್ವಮೇಳಕ್ಕೆ ಕಲಾಭವನವಾಗಿ ಇದನ್ನು ರೂಪಿಸಿದವರು ಚಾರ್ಲ್ಸ್ ಅಟ್‌ವುಡ್. ಅಥೆನ್ಸಿನ ಎರೆಕ್ಥಿಯಾನ್ ಗುಡಿಯಲ್ಲಿ ಸೂರು ಹೊತ್ತು ನಿಂತ ಆರು ಕನ್ಯೆಯರೇ ಇಲ್ಲಿನ ಶಿಲಾಸ್ತ್ರೀಯರಿಗೆ ಮಾದರಿ. ಮೇಳದ ಕಾಲಕ್ಕೆ ಇವು ಕಲ್ಲಿನವಾಗಿರಲಿಲ್ಲ, ಇಟ್ಟಿಗೆಗೆ ಮೆತ್ತಿದ ಗಾರೆಯವು. ಗಾರೆ ಉದುರತೊಡಗಿದ ಮೇಲೆ ಅದೇ ರೂಪವನ್ನು ಸುಣ್ಣಕಲ್ಲಿನಲ್ಲಿ ಮತ್ತೆ ಕಟ್ಟಿದರು. 1933ರಲ್ಲಿ ಮ್ಯೂಸಿಯಂ ಬಾಗಿಲು ತೆರೆಯಿತು.

ನಕಲೆಂದು ಮೂಗು ಮುರಿಯುವವರ ಮಾತನ್ನು ನಾನು ಒಪ್ಪಲಾರೆ. ಗ್ರೀಕ್ ಗುಡಿಯ ಹುಟ್ಟೇ ಹೀಗೆ. ಒಲಿಂಪಿಯಾದ ಹೇರಾ ಗುಡಿ ಕ್ರಿ.ಪೂ. 600ರ ಸುಮಾರಿನದು. ಅದರ ಕಂಬಗಳು ಮೊದಲು ಮರದವು. ಒಂದೊಂದೇ ಶಿಥಿಲವಾದಂತೆ ಆಯಾ ಕಾಲದವರು ಅದರ ಜಾಗದಲ್ಲಿ ಕಲ್ಲಿನ ಕಂಬ ನಿಲ್ಲಿಸಿದರು. ಅದಕ್ಕೇ ಅಲ್ಲಿನ ಬೋದಿಗೆಗಳು ಒಂದರಂತೆ ಇನ್ನೊಂದಿಲ್ಲ. ಕ್ರಿ.ಶ. ಎರಡನೇ ಶತಮಾನದಲ್ಲಿ ಗ್ರೀಕ್ ಪ್ರವಾಸಿ ಪೌಸೇನಿಯಸ್ ಅಲ್ಲಿಗೆ ಹೋದಾಗ ಹಿಂಬದಿಯಲ್ಲಿ ಒಂದು ಓಕ್ ಕಂಬ ಇನ್ನೂ ನಿಂತಿತ್ತು. ಎಂಥ ಭಾಗ್ಯದ ನೋಟ!

ಡೋರಿಕ್ ಶೈಲಿಯ ಗ್ರೀಕ್ ಗುಡಿಯ ಕಂಬಗಳ ಮೇಲ್ಪಟ್ಟಿಯಲ್ಲಿ ಮೂರು ಗೀರಿನ ಫಲಕಗಳು ಸಾಲಾಗಿ ಬರುತ್ತವೆ. ಅವು ಮರದ ತೊಲೆಗಳ ತುದಿಯ ನೆನಪು ಎಂದು ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್ ಬರೆದ. ಕೆಳಗಿರುವ ಸಣ್ಣ ಗುಬುಟುಗಳು ಮರದ ಗೂಟಗಳಂತೆಯೇ ಕಾಣುತ್ತವೆ. ಆದರೆ ಗುಡಿಯ ನಾಲ್ಕೂ ಬದಿಗೆ ತೊಲೆಯ ತುದಿ ಬರುವುದುಂಟೆ? ಅಲ್ಲಿಗೆ ಬಡಗಿಯ ಲೆಕ್ಕ ಮುಗಿದು ಶಿಲ್ಪಿಯ ಲಯ ಶುರುವಾಗಿದೆ. ಅನುಕರಣೆ ಮೂಲದ ಕಾರಣವನ್ನು ಬಿಟ್ಟು ತನ್ನದೇ ಕಾರಣ ಕಂಡುಕೊಳ್ಳುವ ಈ ಗಳಿಗೆಯನ್ನೇ ನಾನು ಕಟ್ಟಡಗಳಲ್ಲಿ ಹುಡುಕುತ್ತೇನೆ.

ಷಿಕಾಗೊ ಸೋಲುವುದೂ ಇಲ್ಲೇ. ಎರೆಕ್ಥಿಯಾನಿನ ಕನ್ಯೆಯರ ಬೆನ್ನಿಗೆ ಇಳಿಬಿಟ್ಟ ದಪ್ಪ ಜಡೆ ಬರೀ ಸಿಂಗಾರವಲ್ಲ. ಸೂರಿನ ಭಾರಕ್ಕೆ ಮೊದಲು ಮುರಿಯಬಹುದಾದ ಕತ್ತಿಗೆ ಅದು ಬಲ. ಅಲ್ಲಿ ಆರೇ ಮಂದಿ, ಒಂದು ಪುಟ್ಟ ಮಂಟಪ. ಇಲ್ಲಿ ಉದ್ದನೆಯ ಗೋಡೆಯ ತುಂಬ ಅದೇ ಮೂರ್ತಿ ಮರುಕಳಿಸುತ್ತ ಹೋಗಿ ಭಾರ ಹೊರುವ ಗಾಂಭೀರ್ಯ ತೆಳುವಾಗಿದೆ. ಆದರೂ ದಕ್ಷಿಣದ ಕೊಳದಾಚೆ ನಿಂತು ಇಡೀ ಕಟ್ಟಡವನ್ನು ಒಟ್ಟಿಗೆ ನೋಡಿದಾಗ ಅಟ್‌ವುಡ್‌ನ ಅಳತೆಯ ಹದಕ್ಕೆ ಮನಸ್ಸು ಸೋಲುತ್ತದೆ.

ಮರದ ರೂಪ ಕಲ್ಲಿಗೆ ಇಳಿದದ್ದನ್ನು ನಮ್ಮಲ್ಲೂ ನೋಡಬಹುದು. ಊರಿಗೆ ಹೋಗುವವರು ಭಟ್ಕಳದ ಕೇತಪೈ ನಾರಾಯಣ ಗುಡಿಯನ್ನು ಬಿಡಬೇಡಿ. ಹದಿನಾರನೇ ಶತಮಾನದ ಆ ಗುಡಿಯಲ್ಲಿ ಇಳಿಜಾರು ಸೂರು ಕಲ್ಲಿನದು, ಮರದ ಪಟ್ಟಿಗಳಂತೆ ಕಾಣುವ ಜಾಲರಿಯೂ ಕಲ್ಲಿನದು. ಕರಾವಳಿಯ ಬಡಗಿಗಳು ಮಳೆಗೆಂದು ಕಂಡುಕೊಂಡಿದ್ದ ಓರೆಯನ್ನು ಶಿಲ್ಪಿಗಳು ಹಾಗೆಯೇ ಉಳಿಸಿಕೊಂಡರು, ಕಲ್ಲಿನ ಮೇಲೂ ಮಳೆ ಅಷ್ಟೇ ಸುರಿಯುತ್ತದಲ್ಲ! ಜಾಲರಿಯ ಸಂದಿನಿಂದ ಗಾಳಿ ಬೆಳಕು ಒಳಬರುತ್ತವೆ. ಹತ್ತಿರ ಹೋಗಿ ಆ ಕಲ್ಲುಪಟ್ಟಿಗಳ ಅಂಚನ್ನು ನೋಡಿ.