ತೂತು ಎಣಿಸುವವರ ಎಕ್ಸ್‌ಟೆನ್ಶನ್ ಬಾಕ್ಸು

ಟಿವಿ, ಸೆಟ್‌ಟಾಪ್ ಬಾಕ್ಸು, ವೈಫೈ ರೂಟರು, ಲ್ಯಾಪ್‌ಟಾಪು, ಎರಡು ಮೊಬೈಲ್ ಚಾರ್ಜರು. ಎಕ್ಸ್‌ಟೆನ್ಶನ್ ಬಾಕ್ಸಿನ ಮೂಲಕ ಒಂದೇ ಪ್ಲಗ್ ಪಾಯಿಂಟಿಗೆ ಇಷ್ಟೆಲ್ಲ ಜೋತುಬಿದ್ದದ್ದನ್ನು ಕಂಡರೆ ಮನೆಯ ಹಿರಿಯರು ಬೈಯುತ್ತಾರೆ. ಬೈಗುಳ ಅಪಾತ್ರದಾನ. ಸಾಮಾನ್ಯವಾಗಿ ಇವೆಲ್ಲ ಸೇರಿದರೂ 400 ವಾಟ್ ದಾಟುವುದಿಲ್ಲ. ನಮ್ಮ 230 ವೋಲ್ಟಿನ ಕರೆಂಟಿನಲ್ಲಿ 6 ಆಂಪಿಯರ್ ಪಾಯಿಂಟು 1380 ವಾಟ್ ತಾಳುತ್ತದೆ. ಅದೇ ಬಾಕ್ಸಿನಲ್ಲಿ ಒಂಟಿಯಾಗಿ, ಸಭ್ಯವಾಗಿ ಕೂತ 1500 ವಾಟಿನ ಕೆಟಲ್ಲನ್ನು ಮಾತ್ರ ಯಾರೂ ಬೈಯುವುದಿಲ್ಲ.

ಈ ಕುರುಡನ್ನು ಮಾರುಕಟ್ಟೆ ಚೆನ್ನಾಗಿ ಬಲ್ಲದು. ಡಬ್ಬದ ಮೇಲೆ ಎಷ್ಟು ಸಾಕೆಟ್ಟು, ಎಷ್ಟು ಯುಎಸ್‌ಬಿ ಎಂಬುದು ದಪ್ಪಕ್ಷರದಲ್ಲಿ. ಆಂಪಿಯರ್ ಎಷ್ಟೆಂಬುದು ಬೆನ್ನ ಮೇಲೆ, ಇರುವೆ ಗಾತ್ರದಲ್ಲಿ. ಇದಕ್ಕಿಂತ ಕೆಟ್ಟದ್ದು ಕನ್ವರ್ಷನ್ ಪ್ಲಗ್ಗು. 16 ಆಂಪಿಯರ್ ಪ್ಲಗ್ಗಿನ ಪಿನ್ನುಗಳು ದಪ್ಪವಾಗಿರುವುದರಿಂದ ಅದು ಸಣ್ಣ ಸಾಕೆಟ್ಟಿಗೆ ಹೋಗದು. ಆ ಕಾವಲನ್ನು ಸಣ್ಣದೊಂದು ಪ್ಲಾಸ್ಟಿಕ್ ತುಂಡು ಮುರಿಯುತ್ತದೆ, ಅದೂ ರಾಜಾರೋಷವಾಗಿ ಅಂಗಡಿಯಲ್ಲಿ ಸಿಗುತ್ತದೆ.

‘ಎಂಸಿಬಿ ಇದೆಯಲ್ಲ, ಬಿದ್ದುಕೊಳ್ಳುತ್ತೆ ಬಿಡಿ’ ಎನ್ನುವವರಿದ್ದಾರೆ. ಎಂಸಿಬಿ ಕಾಯುವುದು ಗೋಡೆಯೊಳಗಿನ ವೈರನ್ನು. 16 ಆಂಪಿಯರಿನ ಎಂಸಿಬಿಗೆ 12 ಆಂಪಿಯರ್ ಮಾಮೂಲಿ ಹೊರೆ. ಬಾಕ್ಸಿನ ತೆಳು ವೈರಿಗೆ ಅದು ಜ್ವರ. ಕರೆಂಟು ಎರಡರಷ್ಟಾದರೆ ವೈರಿನ ಬಿಸಿ ನಾಲ್ಕರಷ್ಟು. ಆ ವೈರನ್ನು ಸುತ್ತಿಟ್ಟು, ಮೇಲೊಂದು ಜಮಖಾನ ಹಾಸಿದರೆ ಬಿಸಿ ಹೊರಹೋಗಲು ದಾರಿಯೇ ಇಲ್ಲ. ಸಡಿಲ ಸಾಕೆಟ್ಟಿನದೂ ಇದೇ ಕಥೆ: ಎಲ್ಲ ಬಗೆಯ ಪಿನ್ನಿಗೂ ಬಾಯ್ತೆರೆಯುವ ಅಗ್ಗದ ಸಾಕೆಟ್ಟು ಯಾವುದನ್ನೂ ಬಿಗಿಯಾಗಿ ಹಿಡಿಯುವುದಿಲ್ಲ. ಹಿಡಿತ ಸಡಿಲವಾದಲ್ಲೇ ಕಿಡಿ, ಕರಕಲು.

ಸ್ಪೈಕ್ ಗಾರ್ಡ್‌ಗೆ ಸಲ್ಲಬೇಕಾದ ಮೆಚ್ಚುಗೆ ಸಲ್ಲಲಿ. ಅದರೊಳಗಿನ ವೇರಿಸ್ಟರ್ ವೋಲ್ಟೇಜಿನ ಹಠಾತ್ ಏಟನ್ನು ತಾನು ನುಂಗುತ್ತದೆ. ಆದರೆ ನುಂಗಿದಷ್ಟೂ ಸವೆಯುತ್ತದೆ. ಅದು ಸತ್ತ ಮೇಲೂ ಎಷ್ಟೋ ಬಾಕ್ಸುಗಳಲ್ಲಿ ಕರೆಂಟು ಹರಿಯುತ್ತಲೇ ಇರುವುದರಿಂದ ಯಜಮಾನರಿಗೆ ಸುಳಿವೇ ಸಿಗದು. ಲೋ ವೋಲ್ಟೇಜಿಗಂತೂ ಅದರಲ್ಲಿ ಮದ್ದಿಲ್ಲ. ಹಳೆ ಮನೆಯಲ್ಲಿ ಅರ್ಥಿಂಗೇ ಇಲ್ಲದಿದ್ದರೆ ಮೂರನೆಯ ತೂತು ಬರೀ ಅಲಂಕಾರ.

ಓವರ್‌ಲೋಡ್ ಸ್ವಿಚ್ಚಿರುವ, ಐಎಸ್‌ಐ ಗುರುತಿನ ಒಂದು ಬಾಕ್ಸು ಟಿವಿ, ಕಂಪ್ಯೂಟರಿಗೆ ಧಾರಾಳ ಸಾಕು. ಗೀಸರು, ಇಂಡಕ್ಷನ್ ಒಲೆಗೆ ಗೋಡೆಯ 16 ಆಂಪಿಯರ್ ಪಾಯಿಂಟೇ ಬೇಕು. ಬಾಕ್ಸಿಗೆ ಇನ್ನೊಂದು ಬಾಕ್ಸು ಸಿಕ್ಕಿಸುವುದಂತೂ ಕೂಡದು. ನನ್ನ ಮುಖ್ಯ ತಕರಾರು ಮನೆ ಕಟ್ಟುವವರ ಮೇಲೆ: ಫಾಲ್ಸ್ ಸೀಲಿಂಗಿಗೆ ದುಡ್ಡು ಸುರಿದು, ಟಿವಿ ಗೋಡೆಗೆ ಒಂದೇ ಪಾಯಿಂಟು ಕೊಡುತ್ತಾರೆ.