ಮಿಸ್ಡ್ ಕಾಲ್ ಗುಳಿಗೆ ನುಂಗುವುದಿಲ್ಲ

ತಡಸದ ನಮ್ಮ ಮನೆಯ ಗೋಡೆ ಕ್ಯಾಲೆಂಡರಿನ ಪ್ರಕಾರ ಅಜ್ಜಿಯ ಟಿಬಿ ಚಿಕಿತ್ಸೆಯ ಮೊದಲ ತಿಂಗಳು ನೂರಕ್ಕೆ ನೂರು. ದಿನಾ ಮುಂಜಾನೆ ತಮ್ಮ ಗುಳಿಗೆ ಕೈಗಿಟ್ಟು, ರೈಟ್ ಮಾರ್ಕ್ ಹಾಕಿ ಹೊಲಕ್ಕೆ ಹೋಗುತ್ತಿದ್ದ. ರಾತ್ರಿ ನಾನು ಬೆಂಗಳೂರಿನಿಂದ ಫೋನ್ ಹಚ್ಚಿ, "ಗುಳಿಗಿ ತಗೊಂಡೇನಬೇ?" ಅಂತ ಕೇಳುತ್ತಿದ್ದೆ. "ಹೂಂ, ತಗೊಂಡೀನಿ" ಅನ್ನುತ್ತಿದ್ದಳು. ಒಂದು ದಿನ ಅವ್ವ ಅಜ್ಜಿಯ ಎಲೆ-ಅಡಿಕೆ ಸಂಚಿ ಝಾಡಿಸಿದಾಗ 17 ಗುಳಿಗೆ ಉದುರಿದವು.

"ಉಚ್ಚಿ ಕೆಂಪಗ ಹೊಂಟಿತ್ತು, ರಕ್ತ ಅಂತ ಅಂಜಿದೆ. ಗಂಡಸರ ಮುಂದ ಹ್ಯಾಂಗ ಹೇಳ್ಲಿ?" ಅಂದಳಂತೆ ಅವ್ವನಿಗೆ.

ಅದು ರಕ್ತವಲ್ಲ, ರಿಫಾಂಪಿಸಿನ್ ಔಷಧದ ಬಣ್ಣ. ಅದರಿಂದ ಅಪಾಯವಿಲ್ಲ. ಇಷ್ಟು ಹೇಳೋಕೆ ಅರ್ಧ ನಿಮಿಷ ಸಾಕಿತ್ತು. ಮನೆಯಲ್ಲಿ ಯಾರೂ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಡ್ಯಾಶ್‌ಬೋರ್ಡ್ ಕಟ್ಟುವುದೇ ನನ್ನ ಹೊಟ್ಟೆಪಾಡು. ಹಾಗಾಗಿ ಈ ಪ್ರಸಂಗದ ನಂತರ 99ಡಾಟ್ಸ್ ಬಗ್ಗೆ ಓದಿದಾಗ ಮೊದಲಿನಂತೆ ಬೆರಗಾಗಲು ಆಗಲಿಲ್ಲ. ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದಲ್ಲಿ ಹುಟ್ಟಿದ ಐಡಿಯಾ ಇದು. ಗುಳಿಗೆ ಒತ್ತಿ ತೆಗೆದಾಗ ಅದರ ಹಿಂದೆ ಅಡಗಿದ ಫೋನ್ ನಂಬರ್ ಕಾಣುತ್ತದೆ. ರೋಗಿ ತನ್ನ ಫೋನಿನಿಂದ ಆ ನಂಬರಿಗೆ ಮಿಸ್ಡ್ ಕಾಲ್ ಕೊಟ್ಟರೆ ಆ ದಿನದ ಡೋಸ್ ದಾಖಲು. ಸ್ಮಾರ್ಟ್‌ಫೋನ್ ಬೇಡ, ದುಡ್ಡು ಬೇಡ, ಕೂಲಿ ಬಿಟ್ಟು ಆಸ್ಪತ್ರೆಗೆ ಅಲೆಯುವುದೂ ಬೇಡ. ಜಾಣತನದ ಕೆಲಸ, ಅನುಮಾನವೇ ಇಲ್ಲ.

ಆದರೆ ಅದು ಎಣಿಸುವುದು ಕರೆಯನ್ನು, ಗುಳಿಗೆಯನ್ನಲ್ಲ. ಮುಂಬೈ, ಚೆನ್ನೈ ಕಡೆ ರೋಗಿಗಳ ಮನೆಗೇ ಹೋಗಿ ಮೂತ್ರ ಪರೀಕ್ಷಿಸಿ, ಕರೆಗಳ ದಾಖಲೆಯೊಂದಿಗೆ ಹೋಲಿಸಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಗುಳಿಗೆ ನುಂಗಿದವರಲ್ಲಿ ಅನೇಕರು ಕರೆ ಮಾಡಿರಲಿಲ್ಲ, ಕರೆ ಮಾಡಿದವರಲ್ಲಿ ಕೆಲವರು ನುಂಗಿರಲಿಲ್ಲ. ನಮ್ಮ ಕ್ಯಾಲೆಂಡರಿನ ಕಥೆಯೂ ಅದೇ ಅಲ್ವಾ?

ನನ್ನ ತಕರಾರು ಬರೀ ನಿಖರತೆಯದ್ದಲ್ಲ. ಇದು ಸ್ವಂತ ಫೋನಿರುವ, ದುಡಿಯುವ ವಯಸ್ಸಿನವರ ಅಳತೆಗೆ ಹೊಲಿದ ಅಂಗಿ. ನಾಲ್ಕು ವರ್ಷದ ಮಗು ಯಾರಿಗೆ ಕಾಲ್ ಮಾಡಬೇಕು? ಮಗುವಿನ ಡೋಸ್ ತೂಕದ ಮೇಲೆ ನಿಂತಿದೆ. ಚಿಕಿತ್ಸೆ ಹಿಡಿದು ಮಗು ಮೈ ತುಂಬಿಕೊಂಡರೆ ಗುಳಿಗೆಯ ಲೆಕ್ಕವೂ ಬದಲಾಗಬೇಕು. ವಯಸ್ಸಾದವರಲ್ಲಿ ಈ ಔಷಧಗಳಿಂದ ಲಿವರಿಗೆ ಪೆಟ್ಟು ಬೀಳುವ ಸಾಧ್ಯತೆ ಹೆಚ್ಚು. ರಿಫಾಂಪಿಸಿನ್ ಕೆಲವು ಬಿಪಿ, ಶುಗರ್ ಮಾತ್ರೆಗಳ ಬಲ ಇಳಿಸುತ್ತದೆ. ಎಥಾಂಬುಟಾಲ್‌ನಿಂದ ಕಣ್ಣು ಮಂಜಾದರೆ "ಪೊರೆ ಬಂದಿರಬೇಕು ಬಿಡು" ಅಂತ ಮನೆಯವರೇ ತೀರ್ಮಾನಿಸಿಬಿಡುತ್ತಾರೆ. ಇದ್ಯಾವುದೂ ಮಿಸ್ಡ್ ಕಾಲಿನಲ್ಲಿ ಕೇಳಿಸುವುದಿಲ್ಲ.

ಇದರ ಪಕ್ಕ ಇನ್ನೆರಡು ವಿನ್ಯಾಸಗಳನ್ನಿಟ್ಟು ನೋಡಿ. ಒಂದು, 2015ರ ಕೊನೆಗೆ ಬಂದ, ಮಕ್ಕಳ ಅಳತೆಗೇ ಮಾಡಿದ, ನೀರಲ್ಲಿ ಕರಗುವ ಗುಳಿಗೆ. ಅದಕ್ಕೂ ಮುಂಚೆ ಎಷ್ಟೋ ಕಡೆ ತಾಯಂದಿರು ದೊಡ್ಡವರ ಗುಳಿಗೆಯನ್ನೇ ಮುರಿದು, ಪುಡಿ ಮಾಡಿ ಅಂದಾಜಿನ ಮೇಲೆ ಕುಡಿಸುತ್ತಿದ್ದರು. ಎರಡು, 2022ರಲ್ಲಿ ಪ್ರಕಟವಾದ ಶೈನ್ ಪ್ರಯೋಗ. ಭಾರತವೂ ಸೇರಿ 4 ದೇಶಗಳ 1204 ಮಕ್ಕಳಲ್ಲಿ, ತೀವ್ರವಲ್ಲದ ಟಿಬಿಗೆ 6 ತಿಂಗಳ ಬದಲು 4 ತಿಂಗಳ ಚಿಕಿತ್ಸೆ ಸಾಕೆಂದು ಅದು ತೋರಿಸಿತು. ಇವೆರಡೂ ರೋಗಿಯನ್ನು ಕಾವಲು ಕಾಯಲಿಲ್ಲ, ಅವರ ಹೊರೆ ಇಳಿಸಿದವು. ಒಳ್ಳೆ ಇಂಜಿನಿಯರಿಂಗ್ ಅಂದರೆ ನನಗೆ ಇದು.

ವಯಸ್ಸಾದವರಿಗೆ ಬೇಕಾದದ್ದು ಎದುರು ಕೂತು ಕೇಳುವ ಮನುಷ್ಯ.

ಸಂಚಿಯ ವಿಷಯ ಡಾಕ್ಟರಿಗೆ ಮುಚ್ಚಿಡದೆ ಹೇಳಿದೆವು. ಅವರು ರಕ್ತ ಪರೀಕ್ಷೆ ಮಾಡಿಸಿ, ತಪ್ಪಿದ ಡೋಸ್‌ಗಳನ್ನು ಸೇರಿಸಿ ಕೋರ್ಸ್ ಮುಂದುವರಿಸಿದರು. ತಮ್ಮ ಬೇಗ ಹೊಲಕ್ಕೆ ಹೋಗಬೇಕು ಅಂತ ಗುಳಿಗೆ ಕೊಡುವ ಕೆಲಸ ಅವ್ವನ ಪಾಲಿಗೆ ಬಂತು. ಅಜ್ಜಿ ನುಂಗಿ ನೀರು ಕುಡಿಯೋವರೆಗೂ ಅವ್ವ ಪಕ್ಕದಲ್ಲೇ ಕೂರುತ್ತಿದ್ದಳು. ನಾನು ಫೋನಿನಲ್ಲಿ "ತಗೊಂಡೇನಬೇ?" ಕೇಳುವುದು ಬಿಟ್ಟೆ. "ಊಟ ಹೋಗತೈತೇನು? ವಾಂತಿ ಆತೇನು? ಕಣ್ಣು ಹಳದಿ ಕಾಣತಾವೇನು?" ಅಂತ ಕೇಳತೊಡಗಿದೆ. ಹೂಂ, ಊಹೂಂಗಳಲ್ಲಿ ಮುಗಿಯುತ್ತಿದ್ದ ಕರೆ ಹತ್ತು ನಿಮಿಷ ಹಿಡಿಯತೊಡಗಿತು.

ನಿಮ್ಮ ಊರಿನ ಮನೆಯಲ್ಲೂ ಯಾರಾದರೂ ಈ ಗುಳಿಗೆ ನುಂಗುತ್ತಿದ್ದರೆ ಇವತ್ತು ರಾತ್ರಿ ಆ ಹತ್ತು ನಿಮಿಷ ಕೊಡಿ. ಬಣ್ಣದ ವಿಷಯ ಮೊದಲು ಹೇಳಿ.