ಅಮೂಲ್ಯ ರೆಡ್ಡಿಯವರ ಲೆಕ್ಕ, ತುಮರಿಯಿಂದ ಓದಿದಾಗ

ಶರಾವತಿಯ ಕರೆಂಟಿನ ಕತೆಯನ್ನು ಅದರ ಹಿನ್ನೀರಿನ ಊರಾದ ತುಮರಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು, ಈ ಸೀಮೆಯ ಗದ್ದೆ-ತೋಟಗಳು ನೀರಿನಡಿ ಹೋದವು. ಆ ಹಿನ್ನೀರು ದಾಟಲು ಜನ ದಶಕಗಳ ಕಾಲ ಲಾಂಚಿಗೆ ಕಾದರು. ಸೇತುವೆ ಬಂದದ್ದು 2025ರ ಜುಲೈಯಲ್ಲಿ. ವಿದ್ಯುತ್ತು ಯಾರಿಗೆ, ಎಷ್ಟು ಬೇಕು ಎಂದು ಲೆಕ್ಕ ಹಾಕಿ ಕೇಳಿದ ವಿಜ್ಞಾನಿ ಅಮೂಲ್ಯ ಕುಮಾರ್ ಎನ್. ರೆಡ್ಡಿ (1930–2006). ಅವರ ಬದುಕನ್ನು ತೂಗಿ ನೋಡಲು ತುಮರಿಗಿಂತ ತಕ್ಕ ಜಾಗ ನನಗೆ ತೋಚುವುದಿಲ್ಲ.

ಬೆಂಗಳೂರಿನಲ್ಲಿ ಹುಟ್ಟಿದ ರೆಡ್ಡಿ ಭೌತರಸಾಯನ ವಿಜ್ಞಾನಿ. ವಿಜ್ಞಾನಿ ಬಾಕ್ರಿಸ್ ಜೊತೆ ಬರೆದ 'ಮಾಡರ್ನ್ ಎಲೆಕ್ಟ್ರೊಕೆಮಿಸ್ಟ್ರಿ' (1970) ವಿದ್ಯುದ್ರಸಾಯನದ ಹೆಸರಾಂತ ಪಠ್ಯ. 1974ರಲ್ಲಿ ತಾವಿದ್ದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ, ಹಳ್ಳಿಗಳಿಗೆ ತಕ್ಕ ತಂತ್ರಜ್ಞಾನ ರೂಪಿಸುವ 'ಅಸ್ತ್ರ' ಎಂಬ ಘಟಕ ಕಟ್ಟಿದರು. ಇದನ್ನು ವಿಜ್ಞಾನ ಬಿಟ್ಟು ಸಮಾಜಸೇವೆಗೆ ಹೋದದ್ದು ಎಂದರೆ ನಾನು ಒಪ್ಪುವುದಿಲ್ಲ. ಎಲೆಕ್ಟ್ರೋಡಿನ ಮೇಲಿನ ತೆಳುಪದರ ಅಳೆಯುತ್ತಿದ್ದ ಕಣ್ಣೇ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಹೆಂಗಸರು ಸೌದೆಗೆ ಅಲೆಯುವ ಹೊತ್ತನ್ನೂ ಅಳೆಯಿತು. ಹಳ್ಳಿ ಬಳಸುವ ಶಕ್ತಿಯ ಹೆಚ್ಚುಪಾಲು ಒಲೆಗೇ ಹೋಗುತ್ತದೆಂದು ಗೊತ್ತಾದದ್ದು ಹಾಗೆ. ಕಡಿಮೆ ಸೌದೆ ತಿನ್ನುವ, ಹೊಗೆಕೊಳವೆಯ ಅಸ್ತ್ರ ಒಲೆ ಮಲೆನಾಡಿನ ಅಡುಗೆಮನೆಗೂ ಬಂತು.

ಊರಿನ ಅಡುಗೆಗೆಂದು ಅಸ್ತ್ರ ಪುರದಲ್ಲಿ ಕಟ್ಟಿದ ಸಮುದಾಯ ಗೋಬರ್ ಗ್ಯಾಸ್ ಸ್ಥಾವರದ ಕತೆ ಇಷ್ಟು ಸಲೀಸಲ್ಲ. ಎಲ್ಲರ ಅಡುಗೆಗೆ ಸಾಲುವಷ್ಟು ಸಗಣಿ ಸಿಗಲಿಲ್ಲ. 1987ರಲ್ಲಿ ಅದೇ ಅನಿಲದಿಂದ ಎಂಜಿನ್ ಓಡಿಸಿ ದೀಪ, ಕುಡಿಯುವ ನೀರು ಕೊಡತೊಡಗಿದರು. ಹಿಡಿದ ದಾರಿ ತಪ್ಪೆಂದು ಕಂಡಾಗ ಬಿಟ್ಟುಕೊಟ್ಟ ಪ್ರಾಮಾಣಿಕತೆ ದೊಡ್ಡದು. ಆದರೂ ಪುರದ ಮಾದರಿ ಊರೂರಿಗೆ ಹಬ್ಬಲಿಲ್ಲ. ಸಂಸ್ಥೆಯ ಆಸರೆಯಿಲ್ಲದೆ ಇಂಥದ್ದನ್ನು ಊರೇ ನಡೆಸಿಕೊಂಡು ಹೋಗುವುದು ಹೇಗೆ? ಅಸ್ತ್ರದ ಬಳಿ ಇದಕ್ಕೆ ಗಟ್ಟಿ ಉತ್ತರವಿರಲಿಲ್ಲ. ರೆಡ್ಡಿಯವರ ಕೆಲಸದ ದುರ್ಬಲ ಜಾಗ ಇದು.

ಗಟ್ಟಿ ಜಾಗವೆಂದರೆ 'ಡಿಫೆಂಡಸ್' ಎಂಬ, ವಿದ್ಯುತ್ ಬೇಡಿಕೆ ಅಂದಾಜಿಸುವ ಕ್ರಮ. ರಾಜ್ಯದ ವಿದ್ಯುತ್ ಯೋಜಕರು ಬೇಡಿಕೆ ಏರುತ್ತಲೇ ಹೋಗುತ್ತದೆಂದು ಹೊಸ ಸ್ಥಾವರಗಳ ಪಟ್ಟಿ ಮಾಡಿದ್ದರು. ರೆಡ್ಡಿ ಮತ್ತು ಸಂಗಡಿಗರು ದೀಪ, ಪಂಪ್‌ಸೆಟ್, ಕಾರ್ಖಾನೆ ಒಂದೊಂದಕ್ಕೂ ಎಷ್ಟು ಬೇಕೆಂದು ಕೆಳಗಿನಿಂದ ಕೂಡಿಸಿದರು. ಎಲ್ಲ ಮನೆಗೂ ದೀಪ ಕೊಟ್ಟರೂ ಆ ಅಂದಾಜಿನ ಅರ್ಧಕ್ಕಿಂತ ಕಡಿಮೆ ಸಾಕು ಎಂದು ತೋರಿಸಿದರು. ನನ್ನ ಮಟ್ಟಿಗೆ ಅವರ ಅತಿ ದೊಡ್ಡ ಕೃತಿ ಇದೇ. ಇಂಥ ಲೆಕ್ಕ 1964ಕ್ಕೆ ಮುಂಚೆ ಯಾರಾದರೂ ಹಾಕಿದ್ದರೆ ಎಂಬ ಯೋಚನೆ ತುಮರಿಯಲ್ಲಿ ನಿಂತವರಿಗೆ ಬಾರದೆ ಇರದು.

ಈಗ ಶರಾವತಿ ಕಣಿವೆಗೆ, ನೀರನ್ನು ಮೇಲಕ್ಕೆತ್ತಿ ಮತ್ತೆ ಬಿಟ್ಟು ವಿದ್ಯುತ್ ತೆಗೆಯುವ 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾಪವಿದೆ. ಕಾಡಿಗೆ ಕೊಡಲಿ ಇಡುವ ಮೊದಲು ಸರ್ಕಾರ ರೆಡ್ಡಿಯವರ ಕ್ರಮದಲ್ಲಿ ಲೆಕ್ಕ ಹಾಕಿ, ಅದನ್ನು ಕನ್ನಡದಲ್ಲಿ ಅಚ್ಚುಹಾಕಿ ಈ ಕಣಿವೆಯ ಗ್ರಾಮಸಭೆಗಳ ಮುಂದಿಡಲಿ.